ಕೈಗೆ ಗೊತ್ತು, ಕಾಗದಕ್ಕೆ ಗೊತ್ತಿಲ್ಲ

(ರಾಸಾಯನಿಕ, ತೈಲ ಹಾಗೂ ವಿದ್ಯುತ್ ಸ್ಥಾವರಗಳ ಪಾಳಿ ಮೇಲ್ವಿಚಾರಕರು ಮತ್ತು ಸುರಕ್ಷತಾ ಅಧಿಕಾರಿಗಳ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ತಣ್ಣಗೆ ಬಿದ್ದಿರುವ ಹಬೆಯ ಲೈನೊಂದನ್ನು ಸೇವೆಗೆ ತರಬೇಕು ಅಂದುಕೊಳ್ಳಿ. ಬಹಳಷ್ಟು ಎಸ್‌ಒಪಿಗಳಲ್ಲಿ (ಕೆಲಸದ ಕ್ರಮವನ್ನು ಬರೆದಿಟ್ಟ ಕಂಪನಿಯ ಅಧಿಕೃತ ವಿಧಾನಗಳಲ್ಲಿ) ಇದಕ್ಕೆ ಸಿಗುವುದು ಮೂರು ಸಾಲು: ಡ್ರೈನ್ ತೆರೆಯಿರಿ, ಲೈನನ್ನು ನಿಧಾನವಾಗಿ ಬಿಸಿ ಮಾಡಿ, ಮುಖ್ಯ ವಾಲ್ವ್ ತೆರೆಯಿರಿ. ನಿಧಾನ ಅಂದರೆ ಹತ್ತು ನಿಮಿಷವೋ ಎರಡು ಗಂಟೆಯೋ? ಲೈನಿನ ಉದ್ದ, ವ್ಯಾಸ, ಇನ್ಸುಲೇಶನ್ ಎಲ್ಲೆಲ್ಲಿ ಕಿತ್ತುಹೋಗಿದೆ, ಹೊರಗೆ ಮಳೆ ಬರುತ್ತಿದೆಯೇ, ಇವೆಲ್ಲದರ ಮೇಲೆ ಅದು ನಿಂತಿದೆ. ಆದ್ದರಿಂದ ಬರೆದವರು ಅಂಕಿ ಹಾಕಲಿಲ್ಲ. ತಪ್ಪು ಅಂತಲೂ ಹೇಳಲಾಗದು.

ಈಗ ಅದೇ ಕೆಲಸವನ್ನು ಪಳಗಿದ ಆಪರೇಟರ್ ಮಾಡುವುದನ್ನು ನೋಡಿ. ಲೈನಿನಲ್ಲಿ ಒತ್ತಡ ಇಲ್ಲದಿರುವಾಗಲೇ ಎಲ್ಲ ತಗ್ಗಿನ ಡ್ರೈನ್‌ಗಳನ್ನೂ ತೆರೆದು, ನಿಂತ ನೀರು ಪೂರ್ತಿ ಹರಿದುಹೋಗಲು ಬಿಡುತ್ತಾರೆ. ಮುಖ್ಯ ವಾಲ್ವನ್ನು ಮುಟ್ಟುವುದಿಲ್ಲ. ಪಕ್ಕದ ಸಣ್ಣ ಬೈಪಾಸ್ ವಾಲ್ವನ್ನು ಕಾಲು ಸುತ್ತು ಬಿಟ್ಟು, ವಾಲ್ವಿಗೆ ಎದುರಾಗದೆ ಓರೆಯಾಗಿ ನಿಲ್ಲುತ್ತಾರೆ. ಡ್ರೈನಿನ ಬಾಯಲ್ಲಿ ಮೊದಲು ನೀರು ಬರುತ್ತದೆ, ಆಮೇಲೆ ಉಗುಳುತ್ತ ನೀರು ಬೆರೆತ ಹಬೆ, ಕೊನೆಗೆ ಒಣ ಹಬೆ. ಒಣ ಹಬೆಗೆ ಒಂದು ಗುರುತಿದೆ: ಪೈಪಿನ ಬಾಯಿಗೆ ತಾಗಿದಂತೆ ಸ್ವಲ್ಪ ದೂರ ಏನೂ ಕಾಣುವುದಿಲ್ಲ, ಬಿಳಿ ಮೋಡ ಶುರುವಾಗುವುದು ಅದರಾಚೆಗೆ. ಆ ಕಾಣದ ಅಂತರ ಮೂಡುವವರೆಗೂ ಮುಂದಿನ ಹೆಜ್ಜೆ ಇಲ್ಲ. ಬಾಯ್ಲರ್ ಕಡೆಯ ಡ್ರೈನ್ ಒಣಗಿದರೆ ಸಾಲದು, ಲೈನಿನ ತುದಿಯ ಡ್ರೈನ್ ಒಣಗಬೇಕು. ನಡುವೆ ಒಮ್ಮೆ ಹೋಗಿ ಪೈಪು ತನ್ನ ಆಧಾರಗಳ ಮೇಲೆ ಸರಿದಿದೆಯೇ ಅಂತ ನೋಡುತ್ತಾರೆ. ಬಿಸಿಯಾದ ಉಕ್ಕು ಉದ್ದವಾಗಲೇಬೇಕು, ಸರಿಯದಿದ್ದರೆ ಎಲ್ಲೋ ಸಿಕ್ಕಿಕೊಂಡಿದೆ ಎಂದರ್ಥ. ಎಲ್ಲಾದರೂ 'ಟಕ್' ಅಂದರೆ, ಒಳಗೆ ಉಳಿದ ನೀರು ಬಡಿಯುತ್ತಿದೆ ಎಂದು ತಿಳಿದು ಬೈಪಾಸ್ ಮುಚ್ಚುತ್ತಾರೆ.

ಇಷ್ಟರಲ್ಲಿ ಕಾಗದದ ಮೇಲೆ ಇರುವುದು ಆ ಮೂರು ಸಾಲು ಮಾತ್ರ. ಉಳಿದದ್ದು ಆ ವ್ಯಕ್ತಿಯ ಜೊತೆ ಪಾಳಿ ಮುಗಿಸಿ ಮನೆಗೆ ಹೋಗುತ್ತದೆ.

ಬಾಯಿಗೆ ಬಾರದ ಈ ತಿಳಿವಳಿಕೆಯಲ್ಲಿ ಎರಡು ಬಗೆ. ಒಂದು, ಹೇಳಲು ಬಾರದ್ದು. ಕೈಗೆ, ಕಿವಿಗೆ ಗೊತ್ತು. ಕೇಳಿದರೆ 'ಅದು ಹಾಗೇ ಗೊತ್ತಾಗುತ್ತೆ ಸಾರ್' ಅನ್ನುತ್ತಾರೆ. ಇನ್ನೊಂದು, ಹೇಳಲು ಚೆನ್ನಾಗಿಯೇ ಬರುತ್ತದೆ, ಆದರೆ ಹೇಳುವುದಿಲ್ಲ, ಯಾಕೆಂದರೆ ಅದು ಬರೆದ ನಿಯಮವನ್ನು ಮೀರಿದ್ದು. ಕಂಪನಿಗಳು ಮೊದಲನೆಯದರ ಹಿಂದೆ ಬೀಳುತ್ತವೆ. ನಿವೃತ್ತರಾಗುವವರ ವಿಡಿಯೊ ಮಾಡುತ್ತವೆ, ಶಾಲು ಹೊದಿಸುತ್ತವೆ. ಎರಡನೆಯದನ್ನು ಕೇಳುವ ಧೈರ್ಯ ಕಡಿಮೆ, ಏಕೆಂದರೆ ಕೇಳಿದ ಮೇಲೆ ಏನಾದರೂ ಮಾಡಬೇಕಾಗುತ್ತದೆ. ನನ್ನ ಮಟ್ಟಿಗೆ ಹೆಚ್ಚು ಬೆಲೆಯದೂ ಹೆಚ್ಚು ಅಪಾಯದ್ದೂ ಈ ಎರಡನೆಯದೇ.

ಅಮೆರಿಕದ ಟೆಕ್ಸಸ್ ಸಿಟಿಯ ಬಿಪಿ ತೈಲ ಸಂಸ್ಕರಣಾಗಾರದಲ್ಲಿ 2005ರ ಮಾರ್ಚ್ 23ರಂದು ನಡೆದ ಸ್ಫೋಟ ನಿಮಗೆಲ್ಲ ಗೊತ್ತಿದೆ. 15 ಮಂದಿ ಸತ್ತರು, 180 ಮಂದಿ ಗಾಯಗೊಂಡರು. ದುರಸ್ತಿಯ ನಂತರ ಸುಮಾರು 170 ಅಡಿ ಎತ್ತರದ ಡಿಸ್ಟಿಲೇಶನ್ ಗೋಪುರವೊಂದನ್ನು (ತೈಲವನ್ನು ಕಾಯಿಸಿ ಅದರ ಅಂಶಗಳನ್ನು ಬೇರ್ಪಡಿಸುವ ಗೋಪುರ) ಚಾಲೂ ಮಾಡುತ್ತಿದ್ದರು. ದ್ರವದ ಮಟ್ಟವನ್ನು ಮೀಟರಿನ 50 ಶೇಕಡಾದಲ್ಲಿ ಇಡಬೇಕು ಅಂತ ಬರೆದ ವಿಧಾನ ಹೇಳುತ್ತಿತ್ತು. ರಾತ್ರಿ ಪಾಳಿಯವರು ಮೀಟರು 99 ತೋರಿಸುವವರೆಗೂ ತುಂಬಿಸಿದ್ದರು. ಆ ಮೀಟರು ಅಳೆಯುತ್ತಿದ್ದದ್ದು ಗೋಪುರದ ತಳದ ಕೆಲವೇ ಅಡಿಗಳನ್ನು. ಅದರ ಮೇಲೆ ದ್ರವ ಎಷ್ಟಿದ್ದರೂ ಅದಕ್ಕೆ ಲೆಕ್ಕವಿಲ್ಲ. ಮೇಲ್ಮಟ್ಟದ ಒಂದು ಅಲಾರಂ ಕೂಗಿತ್ತು. ಎರಡನೆಯದು ಕೆಟ್ಟಿತ್ತು. ತಳದ ವಾಲ್ವ್ ಮುಚ್ಚಿಕೊಂಡೇ ಬೆಳಗ್ಗೆ ಮೂರು ಗಂಟೆ ಕಾಲ ಒಳಹರಿವು ನಡೆಯಿತು. ದ್ರವ ನಿಜವಾಗಿ 158 ಅಡಿಗೆ ಏರಿದ್ದಾಗ ನಿಯಂತ್ರಣ ಕೊಠಡಿಯ ಪ್ಯಾನಲಿನ ಅಂಕಿ ನಿಧಾನವಾಗಿ ಇಳಿಯುತ್ತಿತ್ತು. ಕೊನೆಗೆ ಗೋಪುರ ತುಂಬಿ ಹೊರಗೆ ಉಕ್ಕಿದ ದ್ರವ ಹೊತ್ತಿಕೊಂಡಿತು.

ಇದನ್ನು 'ಎಸ್‌ಒಪಿ ಪಾಲಿಸಲಿಲ್ಲ' ಎಂದು ಮುಗಿಸಿಬಿಡುವುದು ಸುಲಭ. ತನಿಖೆ ಅಲ್ಲಿಗೆ ನಿಲ್ಲದೆ ಹಿಂದಿನ ಸ್ಟಾರ್ಟ್‌ಅಪ್‌ಗಳನ್ನೂ ಕೆದಕಿತು. ಅವುಗಳಲ್ಲೂ ಬಹುಪಾಲು ಸಲ ಮೀಟರಿನ ಮಿತಿ ಮೀರಿ ತುಂಬಿಸಿದ್ದರು. ಅದಕ್ಕೆ ಕಾರಣವೂ ಇತ್ತು: ಸ್ಟಾರ್ಟ್‌ಅಪ್‌ನಲ್ಲಿ ಮಟ್ಟ ಏರಿಳಿಯುತ್ತದೆ, ತೀರಾ ಇಳಿದರೆ ತಳದಿಂದ ಕುಲುಮೆಗೆ ಹೋಗುವ ಹರಿವು ನಿಂತು ಅದರ ಕೊಳವೆಗಳು ಸುಡುತ್ತವೆ. ಆಪರೇಟರುಗಳು ಕಂಡಿದ್ದ ಅಪಾಯ ನಿಜವಾದದ್ದು. ಅದಕ್ಕೆ ಕಂಡುಕೊಂಡ ಉಪಾಯದ ಇನ್ನೊಂದು ತುದಿಯಲ್ಲಿ ಬೇರೆ ಅಪಾಯ ಕೂತಿತ್ತು, ಅದನ್ನು ಅಳೆಯುವ ಸಾಧನ ಅವರ ಬಳಿ ಇರಲಿಲ್ಲ. '50ರಲ್ಲಿ ಯಾಕೆ ಇಡುವುದಿಲ್ಲ?' ಎಂದು ಯಾರಾದರೂ ಕೂತು ಕೇಳಿದ್ದರೆ ಎರಡು ಕೆಲಸ ಆಗುತ್ತಿತ್ತು: ಇಡೀ ಗೋಪುರದ ಮಟ್ಟ ತೋರಿಸುವ ಮಾಪನ, ಮತ್ತು ಕುಲುಮೆಯ ಹರಿವು ಕಡಿಮೆಯಾದರೆ ತಾನಾಗಿ ಉರಿ ನಿಲ್ಲಿಸುವ ಏರ್ಪಾಡು. ಬರೆದ ವಿಧಾನಕ್ಕೂ ನಡೆಯುವ ವಿಧಾನಕ್ಕೂ ನಡುವಿನ ಬಿರುಕು ಐದು ವರ್ಷ ದಾಖಲೆಯ ಟ್ರೆಂಡ್‌ಗಳಲ್ಲಿ (ಮೀಟರಿನ ಅಂಕಿ ಹೊತ್ತುಹೊತ್ತಿಗೆ ಹೇಗೆ ಬದಲಾಯಿತು ಎಂದು ತೋರಿಸುವ ಗೆರೆಚಿತ್ರಗಳಲ್ಲಿ) ಕಾಣುತ್ತಲೇ ಇತ್ತು. ನಿಮ್ಮ ಘಟಕದಲ್ಲೂ ಇಂಥದ್ದನ್ನು ಹುಡುಕುವ ಮೊದಲ ಜಾಗ ಟ್ರೆಂಡ್ ದಾಖಲೆಯೇ. ಕಳೆದ ಆರೇಳು ಸ್ಟಾರ್ಟ್‌ಅಪ್‌ಗಳ ಟ್ರೆಂಡ್ ತೆಗೆದು ಎಸ್‌ಒಪಿಯ ಪಕ್ಕ ಇಡಿ. ಎಲ್ಲೆಲ್ಲಿ ಪ್ರತಿ ಸಲವೂ ಒಂದೇ ರೀತಿ ತಪ್ಪುತ್ತಿದೆಯೋ ಅಲ್ಲಿ ಯಾರೂ ಹೇಳದ ಒಂದು ಕಾರಣ ಇದೆ.

ಕೇಳುವುದು ಹೇಗೆ ಅನ್ನುವುದು ಮುಂದಿನ ತೊಡಕು. 'ನಿಮ್ಮ ಅನುಭವ ಹಂಚಿಕೊಳ್ಳಿ' ಅಂದರೆ ಜನ ಎಸ್‌ಒಪಿಯನ್ನೇ ಒಪ್ಪಿಸುತ್ತಾರೆ. ಮುಚ್ಚಿಡುತ್ತಿದ್ದಾರೆ ಅಂತಲ್ಲ. ಪಳಗಿದವರಿಗೆ ತಾವು ಏನು ಗಮನಿಸುತ್ತೇವೆ ಅನ್ನುವುದೇ ಗಮನಕ್ಕೆ ಬರುವುದಿಲ್ಲ. 1980ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಗ್ಯಾರಿ ಕ್ಲೈನ್ ಮತ್ತು ಸಂಗಡಿಗರು ಅಗ್ನಿಶಾಮಕ ದಳದ ನಾಯಕರ ಬಳಿ ಹೋದಾಗ ಇದೇ ಆಯಿತು. 'ನಿರ್ಧಾರ ಹೇಗೆ ಮಾಡುತ್ತೀರಿ' ಎಂಬುದಕ್ಕೆ ಬಂದ ಉತ್ತರ, ನಾವು ನಿರ್ಧಾರ ಮಾಡುವುದೇ ಇಲ್ಲ ಎಂಬರ್ಥದ್ದು. ನಡೆದ ಒಂದೊಂದೇ ಬೆಂಕಿಯನ್ನು ಹಿಡಿದು ನಿಮಿಷ ನಿಮಿಷ ಬಿಡಿಸಿ ಕೇಳಿದಾಗ ಹೊಗೆಯ ಬಣ್ಣ, ನೆಲದ ಬಿಸಿ, ಸದ್ದು ಒಂದೊಂದಾಗಿ ಹೊರಬಂದವು. ಇದೇ ಕ್ರಮದಿಂದ ನವಜಾತ ಶಿಶುಗಳ ತೀವ್ರ ನಿಗಾ ಘಟಕದ ದಾದಿಯರನ್ನು ಕೇಳಿದ ಅಧ್ಯಯನ 1993ರಲ್ಲಿ ಪ್ರಕಟವಾಯಿತು. ಅವಧಿಗೆ ಮೊದಲೇ ಹುಟ್ಟಿದ ಕೂಸಿಗೆ ರಕ್ತದ ಸೋಂಕು ತಗುಲಿದ್ದನ್ನು ಅವರು ಹೇಗೆ ಗುರುತಿಸುತ್ತಾರೆ ಅನ್ನುವುದರಲ್ಲಿ ಹಲವು ಲಕ್ಷಣಗಳು ಅಂದಿನ ವೈದ್ಯಕೀಯ ಬರಹಗಳಲ್ಲಿ ಇರಲೇ ಇಲ್ಲ.

ನಮ್ಮ ಸ್ಥಾವರಗಳಿಗೆ ಇದನ್ನು ಹೀಗೆ ಹೊಂದಿಸಿಕೊಳ್ಳಬಹುದು. ಒಂದು ಕೂಟಕ್ಕೆ ಅರವತ್ತರಿಂದ ತೊಂಬತ್ತು ನಿಮಿಷ. ಒಬ್ಬರು ಕೇಳಬೇಕು, ಒಬ್ಬರು ಬರೆಯಬೇಕು. ಇಬ್ಬರಲ್ಲಿ ಯಾರೂ ಆ ಆಪರೇಟರ್‌ನ ಮೇಲಧಿಕಾರಿ ಆಗಿರಕೂಡದು. ಪಾಳಿ ಮುಗಿದ ಮೇಲೆ ಉಳಿಸಿಕೊಳ್ಳಬೇಡಿ, ಪಾಳಿಯ ಸಮಯದಲ್ಲೇ ಬದಲಿಯನ್ನು ಕೊಟ್ಟು ಕರೆಯಿರಿ. ಮೇಜಿನ ಮೇಲೆ ಪೈಪಿಂಗ್ ನಕ್ಷೆಯೂ ಆ ದಿನದ ಟ್ರೆಂಡಿನ ಪ್ರಿಂಟೂ ಇರಲಿ. ಕಳೆದ ಒಂದೆರಡು ವರ್ಷದಲ್ಲಿ ನಡೆದ, ಆ ವ್ಯಕ್ತಿ ಮಾಡಿದ್ದರಿಂದಲೇ ಫಲಿತಾಂಶ ಬದಲಾದ, ಒಂದು ಘಟನೆ ಆರಿಸಿ. ಮೊದಲ ಸುತ್ತಿನಲ್ಲಿ ಅವರು ಹೇಳಲಿ, ನೀವು ಬಾಯಿ ಹಾಕಬೇಡಿ. ಎರಡನೆಯದರಲ್ಲಿ ಅದನ್ನು ಕಾಲರೇಖೆಯ ಮೇಲೆ ಇಡಿ, ಟ್ರೆಂಡಿನ ಜೊತೆ ತಾಳೆ ನೋಡಿ. ಮೂರನೆಯದರಲ್ಲಿ ಪ್ರತಿ ತಿರುವಿನಲ್ಲೂ ನಿಲ್ಲಿಸಿ: ಆಗ ಏನು ಕೇಳಿಸುತ್ತಿತ್ತು, ಮುಂದೆ ಏನಾಗುತ್ತದೆ ಅಂದುಕೊಂಡಿದ್ದಿರಿ, ಬೇರೆ ಏನು ಮಾಡಬಹುದಿತ್ತು, ಯಾಕೆ ಮಾಡಲಿಲ್ಲ. ಕೊನೆಯ ಸುತ್ತಿಗೆ ಒಂದೇ ಪ್ರಶ್ನೆ ಸಾಕು: ಎರಡು ವರ್ಷದ ಅನುಭವದ ಹುಡುಗ ನಿಮ್ಮ ಜಾಗದಲ್ಲಿದ್ದರೆ ಎಲ್ಲಿ ಎಡವುತ್ತಿದ್ದ? ಮೂರು ಸುತ್ತಿನಲ್ಲಿ ಬಾರದ್ದು ಈ ಪ್ರಶ್ನೆಗೆ ಬರುತ್ತದೆ. ತಮ್ಮ ಜಾಣ್ಮೆ ಹೇಳಿಕೊಳ್ಳಲು ಸಂಕೋಚಪಡುವವರು ಕಿರಿಯರ ತಪ್ಪು ಹೇಳಲು ಹಿಂದೆಮುಂದೆ ನೋಡುವುದಿಲ್ಲ!

ಹೊರಬರುವ ದಾಖಲೆ ಒಂದು ಪುಟ ಮೀರಬಾರದು. ಪಂಪಿನ ಸಕ್ಷನ್ ಸ್ಟ್ರೇನರ್, ಅಂದರೆ ದ್ರವ ಒಳಬರುವ ಕಡೆಯ ಜರಡಿ, ಕಟ್ಟಿಕೊಳ್ಳುವುದನ್ನೇ ತೆಗೆದುಕೊಳ್ಳಿ. ಗುರುತುಗಳು: ಡಿಸ್ಚಾರ್ಜ್ (ದ್ರವ ಹೊರಹೋಗುವ ಕಡೆಯ) ಗೇಜಿನ ಮುಳ್ಳು ನಡುಗುತ್ತದೆ, ಮೋಟಾರಿನ ಆಂಪಿಯರ್ ತೂಗಾಡುತ್ತ ಇಳಿಯುತ್ತದೆ, ಪಂಪಿನ ಹೊಟ್ಟೆಯಲ್ಲಿ ಜಲ್ಲಿಕಲ್ಲು ಹೊರಳಿದ ಸದ್ದು. ಮಾಡುವುದು: ಡಿಸ್ಚಾರ್ಜ್ ವಾಲ್ವನ್ನು ಸ್ವಲ್ಪ ಒತ್ತಿ ಹರಿವು ತಗ್ಗಿಸಿದರೆ ಸದ್ದು ಕಡಿಮೆಯಾಗುತ್ತದೆಯೇ ನೋಡಿ, ನಂತರ ಇನ್ನೊಂದು ಪಂಪಿಗೆ ಬದಲಿಸಿ. ಮಾಡಬಾರದ್ದು: ಸಕ್ಷನ್ ವಾಲ್ವ್ ಒತ್ತುವುದು, ಅದರಿಂದ ಪಂಪಿಗೆ ಇನ್ನಷ್ಟು ಉಸಿರುಕಟ್ಟುತ್ತದೆ. ಎಲ್ಲಿ ನಡೆಯದು: ಎರಡೂ ಪಂಪಿಗೆ ಒಂದೇ ಸ್ಟ್ರೇನರ್ ಇರುವ ಕಡೆ ಇನ್ನೊಂದು ಪಂಪು ಹಾಕಿದರೆ ಎರಡೂ ಸೊರಗುತ್ತವೆ. ಈ ಕೊನೆಯ ಸಾಲು, ಅಂದರೆ ಎಲ್ಲಿ ನಡೆಯದು ಅನ್ನುವುದು, ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಕಿರಿಯರು ಸಿಕ್ಕಿಬೀಳುವುದು ಅಲ್ಲೇ.

ಹೇಳಿದವರ ಮಾತಿನಲ್ಲೇ ಬರೆದುಕೊಳ್ಳಿ, ತುಳುವಾಗಲಿ, ರಾಯಚೂರು ಕಡೆಯ ಕನ್ನಡವಾಗಲಿ, ಹಿಂದಿಯಾಗಲಿ. ಅದನ್ನು ಆಫೀಸು ಇಂಗ್ಲಿಷಿಗೆ ತಿರುಗಿಸಿದಾಗ ಮೇಲಿನ ಮೂರು ಗುರುತುಗಳೂ 'ಅಸಹಜ ಸದ್ದು' ಎಂಬ ಎರಡು ಪದವಾಗಿ ಉಳಿಯುತ್ತವೆ.

ಆ ಪುಟ ಆದ ಕೂಡಲೇ ಅದನ್ನು ಬೇರೆ ಪಾಳಿಯ ಅಷ್ಟೇ ಅನುಭವದ ಒಬ್ಬರಿಗೆ ಕೊಟ್ಟು, ಜಾಗಕ್ಕೇ ಹೋಗಿ ಓದಿಸಿ. ನಾಲ್ಕು ಪಾಳಿಯವರು ಒಂದೇ ಕೆಲಸವನ್ನು ನಾಲ್ಕು ರೀತಿ ಮಾಡುತ್ತಿರುವುದು ಆಗಲೇ ಬಯಲಾಗುವುದು. ಜಗಳವಾದರೆ ಆಗಲಿ. ಆಮೇಲೆ ಪ್ರಕ್ರಿಯಾ ಎಂಜಿನಿಯರ್ ಅದರ ಭೌತವಿಜ್ಞಾನ ಸರಿಯಿದೆಯೇ ಅಂತ ನೋಡಬೇಕು. ಈ ಹಂತವನ್ನು ಹಾರಿಸಬೇಡಿ, ಏಕೆಂದರೆ ಅನುಭವ ಅಂತ ಹೇಳಿದ್ದೆಲ್ಲ ಸತ್ಯವಲ್ಲ. ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಇರುವ ಘಟಕಗಳಲ್ಲಿ 'ವಾಸನೆ ಬರುತ್ತೆ, ಗೊತ್ತಾಗುತ್ತೆ' ಅನ್ನುವ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಕೊಳೆತ ಮೊಟ್ಟೆಯ ವಾಸನೆ ಹತ್ತುವುದು 1 ಪಿಪಿಎಂಗೂ (ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲಿಗೂ) ಕಡಿಮೆಯಲ್ಲಿ, ನಿಜ. ಆದರೆ 100 ಪಿಪಿಎಂ ಹೊತ್ತಿಗೆ ಮೂಗು ಸೋತುಹೋಗುತ್ತದೆ. ವಾಸನೆ ನಿಂತಿದ್ದನ್ನು ಅನಿಲ ಹೋಯಿತು ಅಂದುಕೊಂಡು ಮುಂದೆ ಹೆಜ್ಜೆ ಇಟ್ಟವರು ಬೀಳುತ್ತಾರೆ, ಎತ್ತಲು ಹೋದವರು ಅವರ ಮೇಲೆ ಬೀಳುತ್ತಾರೆ. ಇಪ್ಪತ್ತು ವರ್ಷ ಆ ಮೂಗಿನಿಂದ ಬದುಕಿದವರ ಮಾತನ್ನೂ ಇಲ್ಲಿ ಕೇಳಬಾರದು. ಎದೆಗೆ ಸಿಕ್ಕಿಸಿದ ಡಿಟೆಕ್ಟರ್ ಹೇಳಿದ್ದೇ ಮಾತು.

ಹಬೆಯ ಲೈನಿಗೂ ಇಂಥದ್ದೊಂದು ರೂಢಿ ಅಂಟಿಕೊಂಡಿದೆ. ಒತ್ತಡ ಇರುವ ಲೈನಿನಲ್ಲಿ ಬಡಿತ ಕೇಳಿದರೆ ಓಡಿಹೋಗಿ ಡ್ರೈನ್ ತೆರೆಯುವುದು. ತಣ್ಣಗಿನ ನೀರಿನ ಮೇಲೆ ಹಬೆ ನುಗ್ಗಿದಾಗ ಅದು ಒಮ್ಮೆಲೇ ನೀರಾಗಿ ಜಾಗ ಖಾಲಿಯಾಗುತ್ತದೆ, ಆ ಜಾಗಕ್ಕೆ ನೀರು ಅಪ್ಪಳಿಸುತ್ತದೆ. ಒತ್ತಡದಡಿ ಡ್ರೈನ್ ತೆರೆದರೆ ನೀರು ಸರಿದು ಹಬೆಗೆ ದಾರಿಯಾಗುತ್ತದೆ, ವಾಲ್ವಿನ ಮೈಯೇ ಒಡೆಯುವಷ್ಟು ಹೊಡೆತ ಬೀಳಬಹುದು. ಸರಿಯಾದ ಕ್ರಮ ಅಲ್ಲಿಂದ ದೂರ ಸರಿದು, ಹಬೆಯನ್ನು ಮೂಲದಲ್ಲೇ ಕಡಿದು, ಒತ್ತಡ ಇಳಿದು ತಣ್ಣಗಾದ ಮೇಲೆ ನೀರು ತೆಗೆಯುವುದು. ಡ್ರೈನ್ ತೆರೆದೂ ಬದುಕಿದವರು ಹಲವರಿರುತ್ತಾರೆ, ಹಾಗಾಗಿಯೇ ರೂಢಿ ಉಳಿದುಕೊಂಡಿದೆ.

ಪಾಳಿ ಬದಲಾವಣೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ನಾನು ಒಂದೇ ವಿಷಯಕ್ಕೆ ನಿಲ್ಲುತ್ತೇನೆ. ಭೋಪಾಲದಲ್ಲಿ 1984ರ ಡಿಸೆಂಬರ್ 2ರ ರಾತ್ರಿ, ಎಂಐಸಿ (ಮೀಥೈಲ್ ಐಸೋಸಯನೇಟ್ ಎಂಬ ವಿಷ ರಾಸಾಯನಿಕ) ತುಂಬಿದ್ದ 610ನೇ ಟ್ಯಾಂಕಿನ ಒತ್ತಡ ಪಾಳಿ ಬದಲಾಗುವ ಮುಂಚೆ ಸುಮಾರು 2 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಇತ್ತು, 11 ಗಂಟೆಗೆ 10 ಆಗಿತ್ತು. ಹೊಸ ಪಾಳಿಗೆ 10 ಎಂಬ ಅಂಕಿ ಅಸಹಜ ಅನಿಸಲಿಲ್ಲ. 2ರಿಂದ 25ರವರೆಗೆ ಮಾಮೂಲಿ ಎಂಬ ಲೆಕ್ಕವಿತ್ತು. ಅಂಕಿ ಸರಿಯಾದ ವ್ಯಾಪ್ತಿಯಲ್ಲೇ ಇತ್ತು, ಏರಿದ ವೇಗ ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ. ಟೆಕ್ಸಸ್ ಸಿಟಿಯಲ್ಲಿ ರಾತ್ರಿಯವರು ಲಾಗ್‌ಬುಕ್ಕಿನಲ್ಲಿ ಬಿಟ್ಟುಹೋದದ್ದು ಒಂದು ಸಾಲು. ಹಸ್ತಾಂತರದ ಹಾಳೆಯಲ್ಲಿ ಹಾಗಾಗಿ ಅಂಕಿಯ ಪಕ್ಕ ಎರಡು ಖಾನೆ ಸೇರಿಸಿ: ಎಂಟು ಗಂಟೆಯ ಹಿಂದೆ ಎಷ್ಟಿತ್ತು, ಮುಂದಿನ ಎರಡು ಗಂಟೆಯಲ್ಲಿ ಎಷ್ಟಾಗಬೇಕು. ಎರಡನೆಯ ಖಾನೆ ತುಂಬಲು ಬಿಟ್ಟುಹೋಗುವವರು ತಮ್ಮ ಮನಸ್ಸಿನ ನಿರೀಕ್ಷೆಯನ್ನು ಕಾಗದಕ್ಕೆ ಇಳಿಸಲೇಬೇಕು. ಅದು ತಪ್ಪಿದಾಗ ಹೊಸಬರಿಗೆ ಅನುಮಾನ ಪಡಲು ಒಂದು ಆಧಾರ ಸಿಗುತ್ತದೆ. ಬಾಯಿಮಾತಿನ ಹಸ್ತಾಂತರ ಪ್ಯಾನಲಿನ ಮುಂದೆಯೇ ನಡೆಯಲಿ, ಹತ್ತು ನಿಮಿಷಕ್ಕೆ ಸಂಬಳ ಕೊಟ್ಟು. ಬಸ್ಸು ಗೇಟಿನಲ್ಲಿ ಹಾರ್ನ್ ಹಾಕುತ್ತಿದ್ದರೆ ಯಾವ ಫಾರಂ ಮಾಡಿಸಿಯೂ ಲಾಭವಿಲ್ಲ.

ಇನ್ನು, ತಪ್ಪು ಹೇಳಿಕೊಳ್ಳುವ ಭಯ. ಇದಕ್ಕೆ ವಿಮಾನಯಾನದಿಂದ ಒಂದು ಉದಾಹರಣೆ. 1974ರ ಡಿಸೆಂಬರ್ 1ರಂದು ವಾಷಿಂಗ್ಟನ್ ಬಳಿ ಟಿಡಬ್ಲ್ಯುಎ ಎಂಬ ಕಂಪನಿಯ 514 ಸಂಖ್ಯೆಯ ವಿಮಾನ ಬೆಟ್ಟಕ್ಕೆ ಬಡಿದು 92 ಮಂದಿ ಸತ್ತರು. ಪೈಲಟ್‌ಗಳು ನಿಯಂತ್ರಕರ ಅನುಮತಿಯನ್ನು ತಪ್ಪಾಗಿ ಅರ್ಥಮಾಡಿಕೊಂಡು ಬೇಗ ಕೆಳಗಿಳಿದಿದ್ದರು. ಅದಕ್ಕೆ ಆರು ವಾರ ಮೊದಲು ಯುನೈಟೆಡ್ ಕಂಪನಿಯ ವಿಮಾನವೊಂದು ಅಲ್ಲೇ, ಅದೇ ಕಾರಣಕ್ಕೆ, ಕೂದಲೆಳೆಯಲ್ಲಿ ಪಾರಾಗಿತ್ತು. ಯುನೈಟೆಡ್ ತನ್ನ ಪೈಲಟ್‌ಗಳನ್ನು ಎಚ್ಚರಿಸಿತು. ಪಕ್ಕದ ಕಂಪನಿಗೆ ಆ ಮಾತು ತಲುಪಲಿಲ್ಲ. 1976ರಲ್ಲಿ ಶುರುವಾದ ಅಮೆರಿಕದ ವಿಮಾನ ಸುರಕ್ಷತಾ ವರದಿ ವ್ಯವಸ್ಥೆ ಇದರ ಫಲ. ಅದರ ರಚನೆಯಲ್ಲಿ ಒಂದು ಜಾಣತನವಿದೆ: ವರದಿ ತೆಗೆದುಕೊಳ್ಳುವುದು ಲೈಸೆನ್ಸ್ ಕಿತ್ತುಕೊಳ್ಳಬಲ್ಲ ಇಲಾಖೆಯಲ್ಲ, ನಾಸಾ. ಹೆಸರು ತೆಗೆದುಹಾಕುತ್ತಾರೆ. ಉದ್ದೇಶಪೂರ್ವಕವಲ್ಲದ ತಪ್ಪನ್ನು ಹತ್ತು ದಿನದೊಳಗೆ ತಿಳಿಸಿದ್ದರೆ ದಂಡದಿಂದ ವಿನಾಯಿತಿ ಸಿಗಬಹುದು. ನಮ್ಮಲ್ಲಿ ಭೋಪಾಲದ ನಂತರ, 1987ರ ತಿದ್ದುಪಡಿಯಲ್ಲಿ, ಕಾರ್ಖಾನೆ ಕಾಯ್ದೆಗೆ ಸುರಕ್ಷತಾ ಸಮಿತಿಯಲ್ಲಿ ಕಾರ್ಮಿಕರ ಪಾಲುದಾರಿಕೆಯೂ ಸನ್ನಿಹಿತ ಅಪಾಯದ ಬಗ್ಗೆ ಎಚ್ಚರಿಸುವ ಹಕ್ಕೂ ಸೇರಿದವು. ಹಕ್ಕು ಇದ್ದರೆ ಸಾಲದು. ಎಸ್‌ಒಪಿ ಮೀರಿದ್ದನ್ನು ಹೇಳಿಕೊಂಡ ಮೊದಲ ವ್ಯಕ್ತಿಗೆ ಶೋಕಾಸ್ ನೋಟಿಸ್ ಹೋದರೆ ಎರಡನೆಯವರು ಬರುವುದಿಲ್ಲ. ಕೂಟ ಶುರುವಾಗುವ ಮುಂಚೆ, ಇಲ್ಲಿ ಹೇಳಿದ್ದು ಶಿಸ್ತುಕ್ರಮಕ್ಕೆ ಬಳಕೆಯಾಗದು ಎಂಬ ಪತ್ರಕ್ಕೆ ಸ್ಥಾವರದ ಮುಖ್ಯಸ್ಥರ ಸಹಿ ಬೇಕು, ಸುರಕ್ಷತಾ ಅಧಿಕಾರಿಯದ್ದಲ್ಲ.

ಅಪರೂಪಕ್ಕೆ ಬರುವ ಕೆಲಸಗಳದ್ದು ಬೇರೆಯೇ ಕಷ್ಟ. ಉತ್ತರ ಕನ್ನಡದ ಕೈಗಾ ಸ್ಥಾವರದ ಒಂದನೇ ಘಟಕ 2016ರ ಮೇಯಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ಓಡಿ ಆಗಿನ ವಿಶ್ವದಾಖಲೆ ಮಾಡಿತು. ಹೆಮ್ಮೆಯ ಸಾಧನೆ. ಆದರೆ ಯಾವುದೇ ಸ್ಥಾವರ ಅಷ್ಟು ಚೆನ್ನಾಗಿ ಓಡಿದಾಗ, ಆ ಅವಧಿಯಲ್ಲಿ ಸೇರಿದವರಿಗೆ ಆ ಯಂತ್ರವನ್ನು ನಿಲ್ಲಿಸುವುದನ್ನೂ ಏರಿಸುವುದನ್ನೂ ಕಣ್ಣಾರೆ ನೋಡುವ ಅವಕಾಶ ಇರುವುದಿಲ್ಲ. ಅಣು ವಿದ್ಯುತ್ ಕ್ಷೇತ್ರ ಸಿಮ್ಯುಲೇಟರ್ ತರಬೇತಿಗೆ ಹಣ ಸುರಿಯುವುದು ಇದಕ್ಕೇ. ಸಿಮ್ಯುಲೇಟರ್ ಇಲ್ಲದ ಸಣ್ಣ ಘಟಕಗಳು ಕನಿಷ್ಠ ಪ್ರತಿ ಆರು ತಿಂಗಳಿಗೊಮ್ಮೆ, ವಾಲ್ವ್ ಮುಟ್ಟದೆ, ಕೈ ತೋರಿಸುತ್ತ ಸ್ಟಾರ್ಟ್‌ಅಪ್ ದಾರಿಯನ್ನು ನಡೆದು ನೋಡಬೇಕು.

ಆಸ್ಟ್ರೇಲಿಯಾದ ಲಾಂಗ್‌ಫರ್ಡ್‌ನಲ್ಲಿರುವ ಎಸ್ಸೊ ಅನಿಲ ಸ್ಥಾವರದಲ್ಲಿ 1998ರ ಸೆಪ್ಟೆಂಬರ್ 25ರಂದು ಇದರ ಇನ್ನೊಂದು ಮುಖ ಕಂಡಿತು. ಬಿಸಿ ಎಣ್ಣೆಯ ಪಂಪುಗಳು ನಿಂತವು. ಮಾಮೂಲಾಗಿ 100 ಡಿಗ್ರಿಯ ಆಸುಪಾಸಿನಲ್ಲಿರುತ್ತಿದ್ದ ಹೀಟ್ ಎಕ್ಸ್‌ಚೇಂಜರ್ (ಒಂದು ದ್ರವದ ಬಿಸಿಯನ್ನು ಇನ್ನೊಂದಕ್ಕೆ ದಾಟಿಸುವ ಸಾಧನ) ಮೈನಸ್ 48 ಡಿಗ್ರಿಯವರೆಗೆ ತಣ್ಣಗಾಗಿ ಹೊರಮೈ ಮೇಲೆ ಮಂಜು ಕಟ್ಟಿತು. ಮಂಜನ್ನು ಎಲ್ಲರೂ ನೋಡಿದರು. ಅಷ್ಟು ತಣ್ಣಗಾದ ಉಕ್ಕು ಗಾಜಿನಂತೆ ಒಡೆಯುತ್ತದೆ ಎಂಬುದು ಅಲ್ಲಿದ್ದವರಿಗೆ ಗೊತ್ತಿರಲಿಲ್ಲ. ಬಿಸಿ ಎಣ್ಣೆ ಮತ್ತೆ ಹರಿಸಿದಾಗ ಅದು ಸೀಳಿತು. ಇಬ್ಬರು ಸತ್ತರು, ಎಂಟು ಮಂದಿ ಗಾಯಗೊಂಡರು, ವಿಕ್ಟೋರಿಯ ರಾಜ್ಯದ ಅನಿಲ ಪೂರೈಕೆ ಸುಮಾರು ಎರಡು ವಾರ ನಿಂತಿತು. ಸ್ಥಾವರದ ಎಂಜಿನಿಯರುಗಳನ್ನು 1992ರಲ್ಲೇ ಮೆಲ್ಬರ್ನ್‌ಗೆ ವರ್ಗಾಯಿಸಿದ್ದರು. ದಿನಾ ಸ್ಥಾವರದೊಳಗೆ ಓಡಾಡುತ್ತಿದ್ದ ಎಂಜಿನಿಯರ್ ಚಹಾದ ಹೊತ್ತಿಗೆ ಹೇಳಿಬಿಡುವ ಮಾತನ್ನು ಫೋನ್ ಮಾಡಿ ಕೇಳಬೇಕಾದರೆ, ಕೇಳಬೇಕು ಅನ್ನುವುದಾದರೂ ಮೊದಲು ಗೊತ್ತಿರಬೇಕು.

ಕೊನೆಯದಾಗಿ ಗುತ್ತಿಗೆ ಕಾರ್ಮಿಕರು. ಶಟ್‌ಡೌನ್‌ನಲ್ಲಿ (ದುರಸ್ತಿಗೆ ಸ್ಥಾವರ ನಿಲ್ಲಿಸಿದಾಗ) ಫ್ಲೇಂಜ್, ಅಂದರೆ ಬೋಲ್ಟ್ ಹಾಕಿ ಪೈಪುಗಳನ್ನು ಕೂಡಿಸುವ ಬಿಲ್ಲೆ, ಬಿಚ್ಚುವ ಫಿಟ್ಟರ್‌ಗಳು ಒಂದೇ ವರ್ಷದಲ್ಲಿ ಹಲವು ಸ್ಥಾವರ ನೋಡುತ್ತಾರೆ. ನಮ್ಮ ಕಾಯಂ ನೌಕರರಿಗಿಂತ ಹೆಚ್ಚು ಗ್ಯಾಸ್ಕೆಟ್ (ಫ್ಲೇಂಜುಗಳ ನಡುವೆ ಸೋರಿಕೆ ತಡೆಯುವ ಪಟ್ಟಿ) ಅವರ ಕೈಯಲ್ಲಿ ಹಾದುಹೋಗಿರುತ್ತದೆ. ಒಳ್ಳೆಯ ಫಿಟ್ಟರ್, ಕೆಲಸಕ್ಕೆ ಕೊಟ್ಟ ಪರ್ಮಿಟ್ ಏನೇ ಹೇಳಿರಲಿ, ಒಳಗೆ ಒತ್ತಡ ಉಳಿದಿದೆ ಅಂದುಕೊಂಡೇ ಬಿಚ್ಚುತ್ತಾರೆ. ಗಾಳಿ ಬೆನ್ನಿಗೆ ಬರುವಂತೆ ನಿಂತು, ತಮ್ಮಿಂದ ದೂರದ ಬದಿಯ ಬೋಲ್ಟನ್ನು ಮೊದಲು ಸಡಿಲಿಸುತ್ತಾರೆ. ಏನಾದರೂ ಚಿಮ್ಮಿದರೆ ಆಚೆಗೆ ಚಿಮ್ಮಲಿ ಅಂತ. ನಟ್ಟನ್ನು ಒಂದೆರಡು ಸುತ್ತು ಬಿಡುತ್ತಾರೆ, ತೆಗೆಯುವುದಿಲ್ಲ. ಫ್ಲೇಂಜ್ ಬಾಯಿಬಿಟ್ಟಾಗ ತೊಟ್ಟಿಕ್ಕಿದರೆ ಅದೇ ನಟ್ಟು ಮತ್ತೆ ಬಿಗಿಯಲು ಸಿಗಬೇಕು. ಕೂಡಿಸುವಾಗ ಎದುರುಬದುರು ಬೋಲ್ಟುಗಳನ್ನು ಹಿಡಿದು ಟಾರ್ಕಿನ (ಬಿಗಿಯುವ ತಿರುಚು ಬಲದ) 30, 70, 100 ಶೇಕಡಾ ಹೀಗೆ ಏರಿಸಿ, ಕೊನೆಗೊಮ್ಮೆ ಸುತ್ತಲೂ ಒಂದು ಸುತ್ತು ಬರುತ್ತಾರೆ. ಯಾವ ಫ್ಲೇಂಜ್ ಜೋಡಣೆಯಲ್ಲಿ ಸರಿಯಾಗಿ ಕೂರದೆ ಬೋಲ್ಟಿನಿಂದ ಎಳೆದು ಕೂರಿಸಬೇಕಾಯಿತು ಎಂಬುದು ಅವರಿಗೆ ಮಾತ್ರ ಗೊತ್ತು, ಮುಂದಿನ ಸೋರಿಕೆ ಅಲ್ಲೇ ಆಗುವುದು. ಕೆಲಸ ಮುಗಿದ ದಿನ ಬಿಲ್ಲಿಗೆ ಸಹಿ ಮಾಡಿಸಿಕೊಂಡು ಅವರು ಮುಂದಿನ ಊರಿಗೆ ಹೋಗಿರುತ್ತಾರೆ. ಹೋಗುವ ಮುಂಚೆ ಅರ್ಧ ಗಂಟೆ ಫ್ಲೇಂಜ್ ಪಟ್ಟಿ ಹಿಡಿದು ಅವರ ಜೊತೆ ನಡೆಯಿರಿ, ಎಳೆದು ಕೂರಿಸಿದ ಕಡೆಗೆಲ್ಲ ಬಣ್ಣದ ಟ್ಯಾಗ್ ಕಟ್ಟಿಸಿ. ಗುತ್ತಿಗೆಯ ದರಪಟ್ಟಿಯಲ್ಲಿ ಈ ಅರ್ಧ ಗಂಟೆಗೆ ಒಂದು ಸಾಲು ಹಾಕಿ. ಇಲ್ಲದಿದ್ದರೆ ಯಾವ ಗುತ್ತಿಗೆದಾರನೂ ತನ್ನ ಫಿಟ್ಟರ್‌ನನ್ನು ಅಷ್ಟು ಹೊತ್ತು ನಿಮಗೆ ಬಿಟ್ಟುಕೊಡುವುದಿಲ್ಲ.